ತೂಕವೇ ಲಂಬಬಲವಲ್ಲ



ಬಲಗಳ ಲೆಕ್ಕ ಕೊಟ್ಟರೆ ನಿಮ್ಮಲ್ಲಿ ಬಹುತೇಕರು ಮೊದಲ ಸಾಲಿನಲ್ಲೇ 'ನಾರ್ಮಲ್ ಬಲ = ತೂಕ' ಎಂದು ಬರೆದುಬಿಡುತ್ತೀರಿ. ಮುಂದಿನದೆಲ್ಲ ತಪ್ಪುತ್ತದೆ. ಹೀಗೆ ತಪ್ಪಿ ತಪ್ಪಿ, ಪಿಯುಸಿಯಲ್ಲಿ ವಿಜ್ಞಾನವೇ ಬೇಡವೆಂದ ಜಾಣ ಮಕ್ಕಳನ್ನು ಕಂಡಿದ್ದೇನೆ. ಇಲ್ಲಿ 'ನಾರ್ಮಲ್' ಎಂದರೆ ಸಾಮಾನ್ಯ ಎಂದಲ್ಲ, ಲಂಬ ಎಂದು. ಉರ್ದುವಿನ 'ಅಮೂದಿ' ಪದ ಇದನ್ನು ಇನ್ನೂ ನೇರವಾಗಿ ಹೇಳುತ್ತದೆ.

ಸೂರಗೊಂಡನಕೊಪ್ಪದ ಕಡೆಯ ಯಾವುದಾದರೂ ಕಣದಲ್ಲಿ 50 ಕಿಲೋ ಮೆಕ್ಕೆಜೋಳದ ಚೀಲ ಇದೆಯೆನ್ನಿ. ಗುರುತ್ವ 10 ಎಂದು ಹಿಡಿದರೆ ತೂಕ 500 ನ್ಯೂಟನ್. ಹಗ್ಗ ಕಟ್ಟಿ, 30 ಡಿಗ್ರಿ ಮೇಲ್ಮುಖವಾಗಿ, 200 ನ್ಯೂಟನ್ ಬಲದಿಂದ ಎಳೆಯಿರಿ. ಆ ಬಲವನ್ನು ಎರಡಾಗಿ ಒಡೆದರೆ ಮುಂದಕ್ಕೆ 173, ಮೇಲಕ್ಕೆ 100. ಮೇಲಿನ ಪಾಲು ಚೀಲವನ್ನು ಎತ್ತಿಹಿಡಿಯುವುದರಿಂದ ನೆಲದ ಲಂಬಬಲ 400 ಮಾತ್ರ. ಘರ್ಷಣಾಂಕ 0.25 ಇದ್ದರೆ ಘರ್ಷಣೆ 100. ಉಳಿದ 73ನ್ನು 50ರಿಂದ ಭಾಗಿಸಿ, ವೇಗೋತ್ಕರ್ಷ 1.46.

ಈಗ ಹಿಂದೆ ನಿಂತು, ಅಷ್ಟೇ ಬಲದಿಂದ, ಅದೇ ಕೋನದಲ್ಲಿ ಕೆಳಮುಖವಾಗಿ ನೂಕಿ. ಲಂಬಬಲ 600, ಘರ್ಷಣೆ 150, ಉಳಿಯುವುದು 23. ವೇಗೋತ್ಕರ್ಷ 0.46, ಮೂರನೆಯ ಒಂದು ಪಾಲೂ ಇಲ್ಲ! ಹಮಾಲರಿಗೆ ಇದು ಸೂತ್ರವಿಲ್ಲದೆಯೇ ಗೊತ್ತು. 'ತೂಕವೇ' ಎಂದು ಬರೆದವರಿಗೋ, ಎಳೆದರೂ ನೂಕಿದರೂ ಒಂದೇ ಉತ್ತರ: 0.96.

ಲಾರಿಗೆ ಒರಗಿಸಿದ ಹಲಗೆಯ ಮೇಲಾದರೆ ಒಡೆಯಬೇಕಾದದ್ದು ತೂಕವನ್ನೇ. 30 ಡಿಗ್ರಿ ಇಳಿಜಾರಿನಲ್ಲಿ ಲಂಬಬಲ 433. ಘರ್ಷಣಾಂಕ ಅದೇ ಇದ್ದರೆ ಚೀಲ ಜಾರುವ ವೇಗೋತ್ಕರ್ಷವೆಷ್ಟು? ಮೊದಲು ಚಿತ್ರ ಬರೆದು, ಆಮೇಲೆ ಬಿಡಿಸಿ ತನ್ನಿ. 2.8ರ ಆಸುಪಾಸು ಬರಬೇಕು.