ಬೆಂಚಿನ ಮೇಲೆ ಕೂತಿದ್ದ ಅಮ್ಮ



ಹಾಸನದ ಕಡೆಯ ನಮ್ಮ ಊರಿನಲ್ಲಿ ಕ್ಯಾನ್ಸರ್ ಎಂಬ ಮಾತನ್ನು ಯಾರೂ ಬಾಯಿಬಿಟ್ಟು ಆಡುವುದಿಲ್ಲ. ‘ಕಿದ್ವಾಯಿಗೆ ಬರೆದುಕೊಟ್ಟಿದ್ದಾರಂತೆ’ ಅಂದರೆ ಸಾಕು, ಕೇಳಿದವರು ಮತ್ತೇನೂ ಕೇಳುವುದಿಲ್ಲ. ಬೆಂಗಳೂರಿನಲ್ಲಿ 1973ರಲ್ಲಿ ಶುರುವಾದ ಆಸ್ಪತ್ರೆ ಅದು. ಕೇಂದ್ರದಲ್ಲಿ ಮಂತ್ರಿಯಾಗಿದ್ದ ರಫಿ ಅಹ್ಮದ್ ಕಿದ್ವಾಯಿಯವರ ಹೆಸರು ನಮ್ಮ ಹಳ್ಳಿಗಳ ಬಾಯಲ್ಲಿ ಒಂದು ಕಾಯಿಲೆಯ ಹೆಸರೇ ಆಗಿಹೋಗಿದೆ.

ಇಷ್ಟೆಲ್ಲ ಗೊತ್ತಿದ್ದೂ, ಅಮ್ಮನನ್ನು ಅಲ್ಲಿಗೇ ಕರೆದುಕೊಂಡು ಹೋಗುವಾಗ ‘ಎದೆಯಲ್ಲೊಂದು ಗಂಟಿದೆ, ಕರಗೋದಕ್ಕೆ ಔಷಧಿ ಹಾಕ್ತಾರೆ’ ಎಂದಷ್ಟೇ ಹೇಳಿದೆವು. ಅಣ್ಣ, ಅತ್ತಿಗೆ, ನಾನು ಮೂವರೂ ಮೊದಲೇ ಮಾತಾಡಿಕೊಂಡಿದ್ದೆವು. ವೈದ್ಯರ ಕೋಣೆಗೆ ನಾವು ಹೋಗುವಾಗ ಅಮ್ಮನನ್ನು ಹೊರಗಿನ ಬೆಂಚಿನ ಮೇಲೆ ಕೂರಿಸುತ್ತಿದ್ದೆವು. ಫೈಲು ಅವಳ ಕೈಗೆ ಸಿಗದ ಹಾಗೆ ಅಣ್ಣನ ಚೀಲದಲ್ಲೇ ಇರುತ್ತಿತ್ತು. ಅಮ್ಮ ಏನೂ ಕೇಳಲಿಲ್ಲ. ಸದ್ಯ, ಕೇಳಲಿಲ್ಲವಲ್ಲ ಎಂದು ನಾವು ಸಮಾಧಾನಪಟ್ಟೆವು.

ಮೂರು ವಾರಕ್ಕೊಮ್ಮೆ ಕಿಮೊ. ಎರಡನೆಯದರ ಹೊತ್ತಿಗೆ ದಿಂಬಿನ ತುಂಬ ಕೂದಲು. ಅಮ್ಮ ಅದನ್ನೆಲ್ಲ ಬಳಿದು ಉಂಡೆ ಮಾಡಿ, ‘ತಿಮ್ಮಪ್ಪನಿಗೆ ಮುಡಿ ಕೊಡೋದು ಬಾಕಿ ಇತ್ತು ಅಂದ್ಕೊಳ್ಳೋಣ ಬಿಡು’ ಅಂದಳು. ಅಷ್ಟು ಹೇಳಿದವಳಿಗೆ ತನಗೇನಾಗಿದೆ ಎಂಬುದು ಗೊತ್ತಿಲ್ಲವೆಂದೇ ನಾವು ನಂಬಿಕೊಂಡಿದ್ದೆವು.

ಆ ಎರಡನೆಯ ಕಿಮೊ ಆಗಿ ಹತ್ತನೆಯ ದಿನ. ನಸುಕಿನಲ್ಲಿ ನೀರು ಕುಡಿಯಲು ಎದ್ದವನು ನೋಡುತ್ತೇನೆ, ಅಮ್ಮ ಎರಡು ಕಂಬಳಿ ಹೊದ್ದು ನಡುಗುತ್ತಿದ್ದಾಳೆ. ಮುಟ್ಟಿದರೆ ಮೈ ಕಾದ ಹೆಂಚು. ಸಂಜೆಯಿಂದಲೇ ಜ್ವರವಂತೆ. ಡಬ್ಬಿಯಲ್ಲಿದ್ದ ಜ್ವರದ ಮಾತ್ರೆ ನುಂಗಿ ಮಲಗಿಬಿಟ್ಟಿದ್ದಳು. ‘ಬೆಳಗ್ಗೆ ನೀನು ಕೆಲಸಕ್ಕೆ ಹೋಗ್ಬೇಕಲ್ಲ ಮಗಾ, ಅದಕ್ಕೇ ಎಬ್ಬಿಸಲಿಲ್ಲ.’

ಕಿಮೊ ಔಷಧಿಗೆ ಕಾಯಿಲೆಯ ಜೀವಕೋಶ ಯಾವುದು, ನಮ್ಮ ಮೈಯ ಒಳ್ಳೆಯ ಜೀವಕೋಶ ಯಾವುದು ಎಂಬ ಭೇದ ಅಷ್ಟಾಗಿ ತಿಳಿಯದು. ಬೇಗಬೇಗ ಹುಟ್ಟುವಂಥವನ್ನೆಲ್ಲ ಅದು ಹೊಡೆಯುತ್ತದೆ. ಕೂದಲು ಉದುರುವುದು, ಬಾಯಿ ಹುಣ್ಣಾಗುವುದು ಅದರಿಂದಲೇ. ಮೂಳೆಯ ಮಜ್ಜೆಯಲ್ಲಿ ಹುಟ್ಟುವ ಬಿಳಿ ರಕ್ತಕಣಗಳಿಗೂ ಅದೇ ಪೆಟ್ಟು. ಸಾಮಾನ್ಯವಾಗಿ 7ರಿಂದ 14ನೆಯ ದಿನದ ನಡುವೆ ಅವು ತೀರ ಇಳಿದಿರುತ್ತವೆ. ಆಗ ಜ್ವರ 100.4 ಡಿಗ್ರಿ ಮುಟ್ಟಿತೆಂದರೆ ಬೆಳಗಾಗಲಿ ಎಂದು ಕಾಯುವ ಹಾಗಿಲ್ಲ, ರಾತ್ರಿಯಾದರೂ ಆಸ್ಪತ್ರೆಗೆ ಹೊರಡಬೇಕು. ನಾವೇ ಮಾತ್ರೆ ಕೊಟ್ಟರೆ ಮೈ ತಣ್ಣಗಾಗುತ್ತದೆ, ಸೋಂಕು ಒಳಗೊಳಗೇ ಬಲಿಯುತ್ತದೆ. ಇದನ್ನೆಲ್ಲ ವೈದ್ಯರು ಮೊದಲ ದಿನವೇ ಬಿಡಿಸಿ ಹೇಳಿದ್ದರು. ನಮಗೆ ಹೇಳಿದ್ದರು. ಅಮ್ಮ ಹೊರಗೆ ಬೆಂಚಿನ ಮೇಲಿದ್ದಳು.

ಆರು ದಿನ ಆಸ್ಪತ್ರೆಯಲ್ಲಿದ್ದು, ನರಕ್ಕೆ ಔಷಧಿ ಹತ್ತಿಸಿಕೊಂಡು ಅಮ್ಮ ಉಳಿದಳು. ಮೂರನೆಯ ಸಂಜೆ ಮಂಚದ ಪಕ್ಕ ಕೂತು ನಾನು ಹೇಳಿದೆ: ‘ಅಮ್ಮಾ, ಅದು ಕ್ಯಾನ್ಸರ್.’

‘ಗೊತ್ತು ಕಣೋ. ಕಿದ್ವಾಯಿಗೆ ಇನ್ಯಾತಕ್ಕೆ ಹೋಗ್ತಾರೆ? ನೀವು ಸಂಕಟ ಪಡ್ತೀರ ಅಂತ ಸುಮ್ಮನಿದ್ದೆ.’

ಆಮೇಲೆ ಅವಳ ಪ್ರಶ್ನೆಗಳು ಒಂದೊಂದಾಗಿ ಬಂದವು. ಇನ್ನು ಎಷ್ಟು ಸಲ ಹಾಕಿಸಿಕೊಳ್ಳಬೇಕು? ದುಡ್ಡು ಎಷ್ಟಾಯಿತು, ಎಲ್ಲಿಂದ ತಂದಿರಿ? ಊರಲ್ಲಿ ಹಸು ಯಾರು ನೋಡಿಕೊಳ್ಳುತ್ತಿದ್ದಾರೆ? ವಾಸಿಯಾಗುತ್ತದೆಯೇ? ಕೊನೆಯದಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ, ಗೊತ್ತಿಲ್ಲ ಅಂದೆ. ಅವಳು ತಲೆಯಾಡಿಸಿದಳು. ಇನ್ನೂ ಒಂದು ಮಾತು ಹೊರಬಿತ್ತು. ಸ್ಟೀಲ್ ಚಮಚ ಬಾಯಿಗಿಟ್ಟರೆ ತುಕ್ಕಿನ ರುಚಿ ಬರುತ್ತಿತ್ತಂತೆ. ನಾವು ಬೇಜಾರು ಮಾಡಿಕೊಳ್ಳಬಾರದೆಂದು, ತುರುಕಿದ್ದನ್ನೆಲ್ಲ ನುಂಗಿ ಬಚ್ಚಲಿಗೆ ಹೋಗಿ ವಾಂತಿ ಮಾಡಿಕೊಳ್ಳುತ್ತಿದ್ದಳಂತೆ. ರಾಗಿ ಗಂಜಿ, ಮಜ್ಜಿಗೆ, ಕೈಯಲ್ಲೇ ತಿನ್ನುವಷ್ಟು ಮೆತ್ತಗಿನ ಅನ್ನ, ಅವಳು ಕೇಳಿದ್ದು ಇಷ್ಟೇ. ಎಷ್ಟು ಸಣ್ಣ ವಿಷಯ! ಇಷ್ಟು ದಿನ ನಮಗೆ ತಿಳಿಯಲೇ ಇಲ್ಲ.

ಎಲ್ಲರಿಗೂ ಎಲ್ಲವನ್ನೂ ಕೇಳುವ ಮನಸ್ಸಿರುತ್ತದೆ ಎಂದಲ್ಲ. ‘ನೀವೇ ನೋಡ್ಕೊಳ್ಳಿ, ನನಗೆ ಹೇಳಬೇಡಿ’ ಅನ್ನುವ ಅಪ್ಪಂದಿರೂ ಇದ್ದಾರೆ, ಅದೂ ಸರಿಯೇ. ಎಷ್ಟು ಹೇಳಲಿ ಎಂದು ಅಮ್ಮನನ್ನೇ ಕೇಳಬಹುದಿತ್ತಲ್ಲ ಎನ್ನುವುದೇ ನನ್ನ ಸಂಕಟ.

ಮೂರನೆಯ ಕಿಮೊಗೆ ಅಮ್ಮ ಒಳಗೆ ಬಂದು ವೈದ್ಯರ ಎದುರಿಗೇ ಕೂತಳು, ಫೈಲು ಅವಳ ಮಡಿಲಲ್ಲಿ. ಜ್ವರ ಎಷ್ಟಾದರೆ ಬರಬೇಕೆಂದು ಎರಡು ಸಲ ಕೇಳಿ ಖಾತ್ರಿ ಮಾಡಿಕೊಂಡಳು. ಹಾಲಿನ ಲೆಕ್ಕ ಬರೆಯುವ ಅಡುಗೆಮನೆಯ ಕ್ಯಾಲೆಂಡರಿನಲ್ಲಿ ಅವಳ ಪೆನ್ಸಿಲ್ ಅಂಕಿಗಳು ಶುರುವಾದವು: ಬೆಳಗ್ಗೆ ಒಂದು, ಸಂಜೆ ಒಂದು.

ಹನ್ನೊಂದನೆಯ ದಿನ, ರಾತ್ರಿ ಒಂದೂವರೆ ಇರಬೇಕು. ಯಾರೋ ಭುಜ ಹಿಡಿದು ಅಲುಗಾಡಿಸಿದರು. ಒಂದು ಕೈಯಲ್ಲಿ ಥರ್ಮಾಮೀಟರು, ಇನ್ನೊಂದರಲ್ಲಿ ಫೈಲು ಹಿಡಿದು ಅಮ್ಮ ನಿಂತಿದ್ದಳು.

‘ಏಳೋ ಮಗಾ, ನೂರಾಒಂದು ಇದೆ. ಗಾಡಿ ತೆಗಿ.’