ಅವ್ವನ ಗೆಳತಿ ಪಾಪಚ್ಚಿ



ಮಕ್ಕಳ ಪುಸ್ತಕಗಳನ್ನು ಯಾರು ಓದುತ್ತಾರೆ ಎಂದು ಕೇಳಿದರೆ ನೀವು ನಗಬಹುದು. ಮಕ್ಕಳೇ ಓದುತ್ತಾರೆ, ಇದರಲ್ಲಿ ಕೇಳುವುದೇನಿದೆ ಎನ್ನಬಹುದು. ನಾನೂ ಬಹುಕಾಲ ಹಾಗೆಯೇ ತಿಳಿದಿದ್ದೆ. ಆ ತಿಳಿವಳಿಕೆ ಸರಿಯಲ್ಲವೆಂದು ತೋರಿಸಿಕೊಟ್ಟವಳು ನನ್ನ ಅವ್ವ.

ನಮ್ಮದು ನವಲಗುಂದ ತಾಲೂಕಿನ ಒಂದು ಹಳ್ಳಿ. ಕಪ್ಪು ಎರೆಭೂಮಿ. ಮಳೆಗಾಲದಲ್ಲಿ ಬೆಣ್ಣಿಹಳ್ಳ ತುಂಬಿ ಬಂದರೆ ಬಸ್ಸು ಬರುತ್ತಿರಲಿಲ್ಲ. ಅವ್ವ ನಾಲ್ಕನೆಯ ಇಯತ್ತೆಯವರೆಗೆ ಓದಿದ್ದಳು. ಅಲ್ಲಿಗೇ ಶಾಲೆ ಬಿಡಿಸಿದ್ದರು. ಆಕೆಗೆ ಓದಲು ಬರುತ್ತಿತ್ತು, ಆದರೆ ಮನೆಯಲ್ಲಿ ಓದಲು ಏನೂ ಇರಲಿಲ್ಲ. ಗೋಡೆಯ ಮೇಲಿನ ಕ್ಯಾಲೆಂಡರು, ಗೊಬ್ಬರದ ಚೀಲದ ಮೇಲಿನ ಬರಹ, ಸಕ್ಕರೆ ಕಟ್ಟಿಕೊಟ್ಟ ಹಳೆಯ ಪತ್ರಿಕೆಯ ತುಂಡು, ಇಷ್ಟೇ ಅವಳ ಗ್ರಂಥಾಲಯ.

1990ರಲ್ಲಿ ನಾನು ಐದನೆಯ ತರಗತಿಯಲ್ಲಿದ್ದೆ. ನಮ್ಮ ಮಾಸ್ತರರು ಪ್ರತಿ ಶನಿವಾರ ಶಾಲೆಯ ಕಬ್ಬಿಣದ ಟ್ರಂಕು ತೆರೆದು ಒಬ್ಬೊಬ್ಬರಿಗೆ ಒಂದೊಂದು ಕಥೆಯ ಪುಸ್ತಕ ಕೊಡುತ್ತಿದ್ದರು. ಮುಂದಿನ ಶನಿವಾರ ಅದನ್ನು ಮರಳಿಸಬೇಕು. ಒಮ್ಮೆ ನನ್ನ ಪಾಲಿಗೆ ಬಂದದ್ದು ನಾ. ಕಸ್ತೂರಿಯವರ ‘ಪಾತಾಳದಲ್ಲಿ ಪಾಪಚ್ಚಿ’. ಇಂಗ್ಲೆಂಡಿನ ಆಲಿಸ್ ಎಂಬ ಹುಡುಗಿಯ ಕಥೆಯನ್ನು ಕನ್ನಡಕ್ಕೆ ತರುವಾಗ ಕಸ್ತೂರಿಯವರು ಅವಳನ್ನು ಪಾಪಚ್ಚಿಯನ್ನಾಗಿ ಮಾಡಿದ್ದರು.

ಆ ವಾರ ನಾನು ಪುಸ್ತಕವನ್ನು ಹೆಚ್ಚು ಓದಲಿಲ್ಲ, ಗೋಲಿ ಆಡಿದೆ. ಓದಿದವಳು ಅವ್ವ. ಹಗಲೆಲ್ಲ ಹತ್ತಿ ಬಿಡಿಸಿ ಬಂದು, ರೊಟ್ಟಿ ಬಡಿದು, ಎಲ್ಲರೂ ಮಲಗಿದ ಮೇಲೆ ಚಿಮಣಿಯ ಬೆಳಕಿನಲ್ಲಿ ಒಂದೊಂದೇ ಅಕ್ಷರ ಕೂಡಿಸಿ ಓದುತ್ತಿದ್ದಳು. ಶನಿವಾರ ನಾನು ಪುಸ್ತಕವನ್ನು ಪಾಟೀಚೀಲಕ್ಕೆ ಹಾಕಿಕೊಳ್ಳುವಾಗ, “ತಮ್ಮಾ, ಆ ಹುಡಿಗಿ ತಿರುಗಿ ಮನಿಗೆ ಬಂದ್ಲೇನೋ?” ಎಂದು ಕೇಳಿದಳು. “ನನಗೇನು ಗೊತ್ತವ್ವಾ” ಎಂದು ಓಡಿದೆ. ಇನ್ನೊಂದು ವಾರ ಇಟ್ಟುಕೊಳ್ಳುತ್ತೇನೆಂದು ಮಾಸ್ತರರನ್ನು ಕೇಳಬಹುದಾಗಿತ್ತು. ಅದು ನನಗೆ ಹೊಳೆಯಲೇ ಇಲ್ಲ.

ಮುಂದೆ ನಾನು ಬಿ.ಎಸ್‌ಸಿ. ಓದಲು ಧಾರವಾಡಕ್ಕೆ ಹೋದೆ. 1998ರ ಬೇಸಿಗೆ ರಜೆಗೆ ಊರಿಗೆ ಬಂದಾಗ ನನ್ನ ತಂಗಿ ಕಟ್ಟೆಯ ಮೇಲೆ ಓಣಿಯ ಹುಡುಗರನ್ನು ಕೂಡಿಸಿಕೊಂಡು ಪಾಪಚ್ಚಿಯ ಕಥೆ ಹೇಳುತ್ತಿದ್ದಳು. ಅವಳ ಪಾಪಚ್ಚಿ ಪರಕಾರ ಪೋಲಕ ಉಟ್ಟಿದ್ದಳು. ಮೊಲದ ಬೆನ್ನು ಹತ್ತಿ ಊರ ಬಾವಿಯಲ್ಲಿ ಇಳಿದಿದ್ದಳು. ಅಲ್ಲಿ ಎಲ್ಲರಿಗೂ ಪ್ರಶ್ನೆ ಕೇಳಿ ಕೇಳಿ ಬೇಸರವಾದಾಗ ಮೇಲಿನಿಂದ ಕೊಡ ಇಳಿದು ಬಂತು. ಪಾಪಚ್ಚಿ ಹಗ್ಗ ಹಿಡಿದಳು. ನೀರು ಸೇದುವ ಹೆಂಗಸರು, “ಇದೇನ ಇಷ್ಟ ಭಾರ ಆತು” ಎನ್ನುತ್ತ ನಾಲ್ಕು ಮಂದಿ ಸೇರಿ ಎಳೆದರು. ಮೇಲೆ ಬಂದವಳೇ ಒದ್ದೆ ಪರಕಾರದಲ್ಲಿ ನೆಟ್ಟಗೆ ಶಾಲೆಗೆ ಹೋದಳು.

“ಹಂಗಿಲ್ಲ ಕಥಿ, ಯಾರು ಹೇಳಿದ್ರು?” ಎಂದೆ. ಒಳಗಿನಿಂದ ಅವ್ವ ಹೇಳಿದಳು: “ಮತ್ತೇನು ಹೇಳ್ಲಿ? ನೀ ಪುಸ್ತಕ ಕೊಟ್ಟು ಬಂದಿದ್ದಿ. ಹುಡಿಗೀನ್ನ ಅಲ್ಲೇ ಬಿಡಾಕ ಆಕ್ಕೈತೇನು?”

ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಆದರೆ ಎಂಟು ವರ್ಷಗಳ ಹಿಂದೆ ನಾನು ಏನು ಮಾಡಿದ್ದೆನೆಂಬುದು ಆ ಕ್ಷಣ ನನಗೆ ಅರ್ಥವಾಯಿತು. ಧಾರವಾಡಕ್ಕೆ ಮರಳಿದವನು ಸುಭಾಸ ರಸ್ತೆಯ ಪುಸ್ತಕದಂಗಡಿಗಳಲ್ಲಿ ಪಾಪಚ್ಚಿಯನ್ನು ಹುಡುಕಿದೆ, ಸಿಗಲಿಲ್ಲ. ಕಾಲೇಜಿನ ಗ್ರಂಥಾಲಯದಲ್ಲಿ ಇಂಗ್ಲಿಷ್ ಆಲಿಸ್ ಸಿಕ್ಕಿತು. ದೀಪಾವಳಿಗೆ ಊರಿಗೆ ಒಯ್ದು ನಮ್ಮ ಮಾತಿನಲ್ಲಿ ಅವ್ವನಿಗೆ ಕಥೆ ಹೇಳಿದೆ. ಕೊನೆಯಲ್ಲಿ ಆಲಿಸ್ ಎಚ್ಚರಗೊಳ್ಳುತ್ತಾಳೆ, ಅದೆಲ್ಲ ಕನಸಾಗಿರುತ್ತದೆ. ಅವ್ವ ಒಪ್ಪಲಿಲ್ಲ. “ಕನಸಾ? ನಮ್ಮ ಪಾಪಚ್ಚಿ ಖರೇನ ಮ್ಯಾಲೆ ಬಂದಾಳ” ಎಂದಳು.

ಮಿತ್ರರೇ, ಪುಸ್ತಕದಲ್ಲಿರುವುದೇ ಸರಿ, ಅವ್ವನದು ತಪ್ಪು ಎಂದು ವಿಜ್ಞಾನದ ವಿದ್ಯಾರ್ಥಿಯಾದ ನಾನು ಅಂದು ವಾದಿಸಿದೆ. ಆಲಿಸಳ ಕಥೆ ಹುಟ್ಟಿದ ಬಗೆ ತಿಳಿದ ಮೇಲೆ ಸುಮ್ಮನಾದೆ. ಲೂಯಿಸ್ ಕ್ಯಾರೊಲ್ ಎಂಬುದು ಕಾವ್ಯನಾಮ. ಆತ ಚಾರ್ಲ್ಸ್ ಡಾಜ್‌ಸನ್, ಆಕ್ಸ್‌ಫರ್ಡಿನಲ್ಲಿ ಗಣಿತದ ಅಧ್ಯಾಪಕ. 1862ರ ಜುಲೈ 4ರಂದು ಆಲಿಸ್ ಲಿಡೆಲ್ ಮತ್ತು ಅವಳ ಇಬ್ಬರು ಸೋದರಿಯರೊಂದಿಗೆ ದೋಣಿಯಲ್ಲಿ ಹೋಗುತ್ತ ಬಾಯಿಮಾತಿನಲ್ಲಿ ಈ ಕಥೆ ಹೇಳಿದ. ಹತ್ತು ವರ್ಷದ ಆಲಿಸ್ ಬರೆದುಕೊಡೆಂದು ಹಟ ಹಿಡಿದದ್ದರಿಂದ ಅದು ಬರಹವಾಯಿತು, 1865ರಲ್ಲಿ ಅಚ್ಚಾಯಿತು. ಎದುರಿಗೆ ಕುಳಿತ ಮಗುವಿಗಾಗಿ ಹುಟ್ಟಿದ ಕಥೆಯನ್ನು ಅವ್ವ ತನ್ನ ಎದುರಿಗೆ ಕುಳಿತ ಮಗಳಿಗಾಗಿ ಮುಂದುವರಿಸಿದ್ದಳು. ಇದರಲ್ಲಿ ತಪ್ಪೇನಿದೆ?

ಇಂಥ ಓದಿನ ಹಸಿವು ನಮ್ಮ ಮನೆಯದಷ್ಟೇ ಅಲ್ಲ. 1997ರವರೆಗೆ ಧಾರವಾಡ ಜಿಲ್ಲೆಗೇ ಸೇರಿದ್ದ ಶಿಗ್ಗಾವಿಯಲ್ಲಿ ಹುಟ್ಟಿದ ಸುಧಾ ಮೂರ್ತಿಯವರು ತಮ್ಮ ಅಜ್ಜಿಯ ಪ್ರಸಂಗವನ್ನು ಬರೆದಿದ್ದಾರೆ. ತ್ರಿವೇಣಿಯವರ ‘ಕಾಶೀಯಾತ್ರೆ’ ಕರ್ಮವೀರ ವಾರಪತ್ರಿಕೆಯಲ್ಲಿ ಧಾರಾವಾಹಿಯಾಗಿ ಬರುತ್ತಿತ್ತು. ಓದಲು ಬಾರದ ಅಜ್ಜಿಗೆ ಮೊಮ್ಮಗಳು ಓದಿ ಹೇಳುತ್ತಿದ್ದಳು. ಒಂದು ವಾರ ಮೊಮ್ಮಗಳು ಮದುವೆಗೆಂದು ಊರಿಗೆ ಹೋದಳು. ಪತ್ರಿಕೆ ಬಂತು, ಕಥೆಯ ಚಿತ್ರ ಕಾಣುತ್ತಿದೆ, ಕಥಾನಾಯಕಿಗೆ ಮುಂದೇನಾಯಿತೆಂದು ಮಾತ್ರ ತಿಳಿಯುತ್ತಿಲ್ಲ. ಆ ಸಂಕಟದಿಂದಲೇ ಅರುವತ್ತು ದಾಟಿದ ಅಜ್ಜಿ ಅಕ್ಷರ ಕಲಿಯಲು ಕುಳಿತರು. ದಸರೆಯ ಸರಸ್ವತೀ ಪೂಜೆಯ ಹೊತ್ತಿಗೆ ಕಲಿತರು. ಹನ್ನೆರಡು ವರ್ಷದ ಮೊಮ್ಮಗಳನ್ನು ಗುರುವೆಂದು ನಮಸ್ಕರಿಸಿದರು. ಕಥೆಯೊಳಗಿನ ಒಬ್ಬ ಹೆಂಗಸಿನ ಮೇಲಿನ ಅಕ್ಕರೆ ಇಷ್ಟು ಮಾಡಬಲ್ಲದು.

ದೂರದರ್ಶನದಲ್ಲಿ ಕೆಲಸ ಮಾಡುವ ನಾನು ಒಂದು ಮಾತು ಒಪ್ಪಿಕೊಳ್ಳಬೇಕು. ತೆರೆಯ ಮೇಲೆ ಕಥಾನಾಯಕಿಯನ್ನು ತೋರಿಸುವಾಗ ನಾವು ಒಬ್ಬ ಹುಡುಗಿಯನ್ನು ಆರಿಸುತ್ತೇವೆ. ಆಮೇಲೆ ಎಲ್ಲರಿಗೂ ಅದೇ ಮುಖ. ಪುಸ್ತಕದ ಹುಡುಗಿಗೆ ಓದಿದವರು ತಮತಮಗೆ ಬೇಕಾದ ಮುಖ ಕೊಡುತ್ತಾರೆ. ಅವ್ವನ ಪಾಪಚ್ಚಿಗೆ ನಾಲ್ಕನೆಯ ಇಯತ್ತೆಯಲ್ಲಿ ಶಾಲೆ ಬಿಟ್ಟ ಹುಡುಗಿಯ ಮುಖವಿತ್ತೆಂದು ನನಗೆ ಈಗ ಅನಿಸುತ್ತದೆ.

ಆ ವರ್ಷವೇ ತಂಗಿ ಏಳನೆಯ ತರಗತಿ ಮುಗಿಸಿದ್ದಳು. ಊರಲ್ಲಿ ಹೈಸ್ಕೂಲು ಇರಲಿಲ್ಲ. ನವಲಗುಂದಕ್ಕೆ ಬಸ್ಸಿನಲ್ಲಿ ಹೋಗಬೇಕು. ಅಜ್ಜ ಬೇಡವೆಂದರು, ಅಪ್ಪ ಸುಮ್ಮನಿದ್ದರು. ಹಿರಿಯರ ಎದುರು ಎಂದೂ ಮಾತಾಡದ ಅವ್ವ, “ಮಾವಾರ, ಆಕಿ ಹೋಗ್ಲಿ. ಬಸ್ಸಿನ ತನಕಾ ನಾ ದಿನಾ ಬಂದು ಬಿಡ್ತೀನ್ರಿ” ಎಂದಳು. ಮೂರು ವರ್ಷ ಹಾಗೆಯೇ ಮಾಡಿದಳು. ಇದೆಲ್ಲ ಒಂದು ಪುಸ್ತಕದಿಂದ ಆಯಿತೆಂದು ನಾನು ಹೇಳಲಾರೆ. ಆದರೆ ಬಾವಿಯಲ್ಲಿ ಬಿದ್ದ ಹುಡುಗಿಯನ್ನು ಅಲ್ಲೇ ಬಿಡಬಾರದೆಂದು ಎಂಟು ವರ್ಷ ಕಥೆ ಹೇಳಿದವಳು ಆಕೆ ಎಂಬುದನ್ನು ಮರೆಯಲಾರೆ.

ಅನಂತರ ನಾನು ಅವ್ವನಿಗೆ ಪುಸ್ತಕ ಒಯ್ಯುವ ರೂಢಿ ಮಾಡಿಕೊಂಡೆ. ಅವಳಿಗೆ ಬಹಳ ಹಿಡಿಸಿದ್ದು ಜಪಾನಿನ ‘ತೊತ್ತೊ ಚಾನ್’. ಅದು ಕನ್ನಡದಲ್ಲೂ ಬಂದಿದೆ. 1981ರಲ್ಲಿ ಅದನ್ನು ಬರೆದ ತೆತ್ಸುಕೊ ಕುರೊಯಾನಗಿ ದೂರದರ್ಶನದ ಹೆಸರಾಂತ ನಿರೂಪಕಿ. ತುಂಟತನಕ್ಕಾಗಿ ಒಂದನೆಯ ತರಗತಿಯಲ್ಲೇ ಶಾಲೆಯಿಂದ ಹೊರಹಾಕಲ್ಪಟ್ಟ ಹುಡುಗಿ ಅವರು. ರೈಲುಡಬ್ಬಿಗಳಲ್ಲಿ ಪಾಠ ನಡೆಯುತ್ತಿದ್ದ ಇನ್ನೊಂದು ಶಾಲೆಗೆ ತಾಯಿ ಅವರನ್ನು ಸೇರಿಸಿದರು. ಹೊರಹಾಕಿದ ಸಂಗತಿಯನ್ನು ಮಗಳಿಗೆ ಇಪ್ಪತ್ತು ತುಂಬುವವರೆಗೂ ತಿಳಿಸಲೇ ಇಲ್ಲ. ನಾನು ತೊತ್ತೊ ಚಾನ್‌ಳನ್ನು ಮೆಚ್ಚಿದೆ. ಅವ್ವ ಅವಳ ತಾಯಿಯನ್ನು ಮೆಚ್ಚಿದಳು. ಅಣ್ಣಿಗೇರಿಯ ಸಂತೆಗೆ ಹೋದಾಗ ರೈಲು ಕಂಡರೆ, “ನೋಡಲ್ಲಿ, ಆಕಿ ಸಾಲಿ ಹೊಂಟೈತಿ” ಎಂದು ನಗುತ್ತಿದ್ದಳು.

ನಿಮ್ಮಲ್ಲಿ ಹಲವರ ತಾಯಂದಿರು ನಡುವೆಯೇ ಶಾಲೆ ಬಿಟ್ಟವರಿರಬಹುದು. 2020ರಲ್ಲಿ ಆರಂಭವಾದ ‘ಓದುವ ಬೆಳಕು’ ಕಾರ್ಯಕ್ರಮದಿಂದ ನಮ್ಮ ಗ್ರಾಮ ಪಂಚಾಯಿತಿ ಗ್ರಂಥಾಲಯಗಳಲ್ಲಿ 6ರಿಂದ 18 ವರ್ಷದವರಿಗೆ ಉಚಿತ ಸದಸ್ಯತ್ವ ದೊರೆಯಿತು. ಅಲ್ಲಿಂದ ಒಂದು ಕಥೆಯ ಪುಸ್ತಕವನ್ನು ಮನೆಗೆ ಒಯ್ಯಿರಿ. ಓದಿ ಮುಗಿಸಿದ ಮೇಲೆ ಮನೆಯಲ್ಲಿ ಕಾಣುವ ಕಡೆ ಇಡಿರಿ. ಮರಳಿಸಲು ಹೊರಡುವಾಗ, “ಅವ್ವಾ, ನಿಂದು ಓದಾದು ಮುಗೀತೇನು?” ಎಂದು ಒಂದು ಮಾತು ಕೇಳಿರಿ. ಮುಗಿದಿಲ್ಲವೆಂದರೆ ಇನ್ನೊಂದು ವಾರ ಇಟ್ಟುಕೊಳ್ಳಿರಿ. ನಾನು ಅಂದು ಕೇಳದೇ ಹೋದ ಪ್ರಶ್ನೆ ಇದು.