ಹೊಸ ಟೆಲಿವಿಷನ್ನಿನಲ್ಲಿ ಚಿತ್ರ ಮಸುಕೇಕೆ?
(ನಮ್ಮ ವಾಚನಾಲಯದಲ್ಲಿ ಮಾಡಿದ ಭಾಷಣ)



ನಾನು ಗಿರಣಿಯ ಗುಮಾಸ್ತ, ಇಂಜಿನಿಯರನಲ್ಲ. ಆದರೂ ಈ ವಿಷಯವನ್ನೆತ್ತಿಕೊಳ್ಳಲು ಕಾರಣವಿದೆ. ನಮ್ಮ ಚಾಳಿನ ಮಿತ್ರರೊಬ್ಬರು ಬೋನಸ್ಸಿನ ಹಣಕ್ಕೆ ಸಾಲವನ್ನೂ ಸೇರಿಸಿ ಫುಲ್ ಎಚ್‌ಡಿ ಟೆಲಿವಿಷನ್ನನ್ನೂ ಎಚ್‌ಡಿ ಬಾಕ್ಸನ್ನೂ ತಂದರು. ಚಿತ್ರವೋ, ಹಳೆಯ ಪೆಟ್ಟಿಗೆಗಿಂತ ಮಸುಕು! ಮನೆಯಾಕೆಯ ಮುಂದೆ ಅವರಿಗೆ ತಲೆಯೆತ್ತಲಾಗಲಿಲ್ಲ.

ಹೋಗಿ ನೋಡಿದೆ. ಬಾಕ್ಸಿನಿಂದ ಟಿವಿಗೆ ಹಳದಿ, ಕೆಂಪು, ಬಿಳಿ ಪಿನ್ನುಗಳ ಹಳೆಯ ತಂತಿಯನ್ನೇ ಸಿಕ್ಕಿಸಿದ್ದರು. ಹಳದಿ ಪಿನ್ನಿನಲ್ಲಿ ಬರುವುದು ಹೆಚ್ಚೆಂದರೆ 576 ಗೆರೆಗಳ ಚಿತ್ರ, ಪರದೆಯದು 1080. ಕೊರತೆಯನ್ನು ಟಿವಿ ತಾನೇ ಹಿಗ್ಗಿಸಿ ತುಂಬುತ್ತದೆ, ಅರ್ಧ ಸೇರು ಹಾಲಿಗೆ ನೀರು ಬೆರೆಸಿ ಸೇರು ಮಾಡಿದ ಹಾಗೆ. ಪರದೆ ದೊಡ್ಡದಾದಷ್ಟೂ ಆ ನೀರು ಎದ್ದು ಕಾಣುತ್ತದೆ.

ಆದ್ದರಿಂದ ಬಾಕ್ಸೂ ಚಾನೆಲ್ಲೂ ಎಚ್‌ಡಿಯದಾಗಿರಬೇಕು, ನಡುವೆ ಎಚ್‌ಡಿಎಂಐ ತಂತಿಯಿರಬೇಕು, ಬಾಕ್ಸಿನ ಸೆಟ್ಟಿಂಗಿನಲ್ಲಿ 1080 ಎಂದು ಆರಿಸಿರಬೇಕು. ಒಂದು ತಪ್ಪಿದರೂ ಉಳಿದವು ದಂಡ. ಚಿನ್ನದ ಲೇಪದ ದುಬಾರಿ ತಂತಿಯನ್ನು ಅಂಗಡಿಯವನು ಹೊಗಳಿದರೆ ನಕ್ಕು ಬನ್ನಿ. ಇಲ್ಲಿ ಚಿತ್ರ ಅಂಕಿಗಳಾಗಿ ಹರಿಯುತ್ತದೆ. ಸಾಧಾರಣ ತಂತಿಯಲ್ಲೂ ಅವೇ ಅಂಕಿಗಳು ಬರುತ್ತವೆ.

‘ವಿವಿಡ್’ ಎಂಬ ಝಗಝಗ ಅಂಗಡಿಯ ದೀಪಗಳ ನಡುವೆ ಗಿರಾಕಿಯ ಕಣ್ಣು ಸೆಳೆಯುವುದಕ್ಕೆ. ಮನೆಯಲ್ಲಿ ‘ಸಿನಿಮಾ’ ಆರಿಸಿ. ಮುಖಗಳು ಮುಖದ ಬಣ್ಣಕ್ಕೆ ಬರುತ್ತವೆ. ಶಾರ್ಪ್‌ನೆಸ್ ಏರಿಸಿದರೆ ವಿವರ ಹೆಚ್ಚದು, ಅಂಚುಗಳಿಗೆ ಬಿಳಿ ಗೆರೆ ಮೂಡುತ್ತದೆ. ಅದನ್ನು ಸೊನ್ನೆಯ ಹತ್ತಿರಕ್ಕೆ ಇಳಿಸಿ. ನಮ್ಮ ಖೋಲಿಗಳು ಚಿಕ್ಕವೆಂಬ ಕೊರಗೂ ಬೇಡ: 43 ಅಂಗುಲದ ಪರದೆಗೆ ಆರಡಿ ದೂರ ಸಾಕು. ಹತ್ತಡಿಯಾಚೆ ಕುಳಿತವನಿಗೆ ಎಚ್‌ಡಿಯ ಸೂಕ್ಷ್ಮ ಅಷ್ಟಾಗಿ ಕಾಣದು.

ಮಿತ್ರರ ಎಚ್‌ಡಿಎಂಐ ತಂತಿ ಎಲ್ಲಿತ್ತೆಂದಿರಾ? ಬಾಕ್ಸಿನ ಜೊತೆಗೇ ಬಂದು, ರಟ್ಟಿನ ಡಬ್ಬದಲ್ಲಿ, ಅಟ್ಟದ ಮೇಲೆ.